ಎದುರುಬದುರು ನಿಂತ ಇಬ್ಬರು

ಜೂನ್ 21 ಕೆನಡಾದಲ್ಲಿ ಮೂಲನಿವಾಸಿಗಳ ದಿನ, 1996ರಿಂದ ಆಚರಿಸುತ್ತಾರೆ. ಒಂದು ವರ್ಷ ಧಾರವಾಡದ ಹಳ್ಳಿಯಿಂದ ಅವ್ವ ನಮ್ಮ ಒಟ್ಟಾವಾ ಮನೆಗೆ ಬಂದಿದ್ದಳು. ಆ ದಿನದ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದೆ.

ಬಯಲಲ್ಲಿ ಹಾಕಿದ್ದ ವೇದಿಕೆಗೆ ಇಬ್ಬರು ಇನ್ಯುಯಿಟ್ ಹುಡುಗಿಯರು ಬಂದರು. ಇನ್ಯುಯಿಟ್ ಅಂದರೆ ಉತ್ತರದ ಹಿಮನಾಡಿನ ಮೂಲನಿವಾಸಿಗಳು. ವಾದ್ಯವಿಲ್ಲ. ಎದುರುಬದುರು ನಿಂತು ಒಬ್ಬರ ತೋಳನ್ನೊಬ್ಬರು ಹಿಡಿದರು. ಮುಖಗಳ ನಡುವೆ ಒಂದು ಗೇಣು. ಒಬ್ಬಳು ಗಂಟಲಾಳದಿಂದ ದನಿ ಎತ್ತಿದಳು. ಅವಳು ಬಿಟ್ಟ ಸಂದಿಯಲ್ಲಿ ಇನ್ನೊಬ್ಬಳು ದನಿ ತುಂಬಿದಳು. ಉಸಿರು ಬಿಡುವಾಗಲೂ ಸದ್ದು, ಎಳೆದುಕೊಳ್ಳುವಾಗಲೂ ಸದ್ದು. ಸ್ವಲ್ಪ ಹೊತ್ತಿಗೆ ಯಾವ ದನಿ ಯಾರದೆಂದು ತಿಳಿಯದಾಯಿತು. ಇಬ್ಬರ ಎದೆ ಸೇರಿ ಒಂದೇ ತಿದಿ ಒತ್ತಿದಂತೆ.

ಇದು ಕಟಜ್ಜಾಕ್. ಗಂಡಸರು ಬೇಟೆಗೆ ಹೋದಾಗ ಹೆಂಗಸರು ಆಡುತ್ತಿದ್ದ ಆಟ. ಗಾಳಿ, ಹೊಳೆ, ಹೆಬ್ಬಾತು, ನಾಯಿಮರಿ, ಎಲ್ಲದರ ದನಿಯೂ ಇದರಲ್ಲಿ ಬರುತ್ತದೆ. ಮೊದಲು ನಕ್ಕವಳು, ಇಲ್ಲವೇ ಉಸಿರು ತಪ್ಪಿದವಳು ಸೋತಂತೆ. ಆವತ್ತು ಎರಡು ನಿಮಿಷವೂ ಆಗಿರಲಿಲ್ಲ, ಚಿಕ್ಕವಳಿಗೆ ನಗು ಉಕ್ಕಿತು. ದೊಡ್ಡವಳೂ ನಕ್ಕಳು. ಹಾಡು ಮುಗಿದದ್ದೇ ಹಾಗೆ.

ಇಂಥ ಆಟವನ್ನು ಕ್ರೈಸ್ತ ಪಾದ್ರಿಗಳು ಪಾಪವೆಂದು ಬಿಡಿಸಿದ್ದರು. ಎಷ್ಟೋ ಊರುಗಳಲ್ಲಿ ಅದು ಮುದುಕಿಯರ ನೆನಪಿನಲ್ಲಷ್ಟೇ ಉಳಿದಿತ್ತು. ಅವರಿಂದ ಕಲಿತು ಹುಡುಗಿಯರು ಮತ್ತೆ ಎತ್ತಿದರು. 2014ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸರ್ಕಾರ ತನ್ನ ಅಮೂರ್ತ ಪರಂಪರೆಯೆಂದು ಮೊಟ್ಟಮೊದಲು ಘೋಷಿಸಿದ್ದು ಇದನ್ನೇ. ಒಳ್ಳೆಯದಾಯಿತು. ಆದರೂ ಇಬ್ಬರು ಹೆಂಗಸರು ತೋಳು ಹಿಡಿದು ನಗುವುದರಲ್ಲಿ ಯಾರಿಗಾದರೂ ಪಾಪ ಹೇಗೆ ಕಂಡಿತು ಎಂಬ ಸಿಟ್ಟು ನನಗೆ ಇನ್ನೂ ಆರಿಲ್ಲ.

ಆಮೇಲೆ ಹಿರಿಯರೊಬ್ಬರು ಕಿಲಾಉಟ್ ಹಿಡಿದು ಬಂದರು. ಹಿಡಿಯಿರುವ ಅಗಲವಾದ ತಮಟೆ ಅದು. ಕೋಲು ಬೀಳುವುದು ನಡುವಿಗಲ್ಲ, ಅಂಚಿಗೆ. ಮಣಿಕಟ್ಟು ತಿರುವಿ ಒಮ್ಮೆ ಈ ಅಂಚು, ಒಮ್ಮೆ ಆ ಅಂಚು. ಮೊಣಕಾಲು ಬಾಗಿಸಿ ಅವರು ನಿಧಾನಕ್ಕೆ ಕುಣಿದರು, ಹೆಂಗಸರು ಕುಳಿತಲ್ಲಿಂದ ಹಾಡಿದರು.

ಅವ್ವನ ಮನಸ್ಸು ಮಾತ್ರ ಇನ್ನೂ ಆ ಹುಡುಗಿಯರ ಹತ್ತಿರವೇ ಇತ್ತು. ಬಸ್‌ಸ್ಟಾಪಿನಲ್ಲಿ ಹೇಳಿದಳು: "ನಮ್ಮವ್ವ, ಚಿಗವ್ವ ಹಿಂಗ ಎದುರಾಬದುರಾ ಕುಂತು ಬೀಸ್ತಿದ್ರು ನೋಡವಾ. ಒಬ್ಬಾಕಿ ನುಡಿ ಬಿಟ್ಟಲ್ಲೆ ಇನ್ನೊಬ್ಬಾಕಿ ಹಿಡಿಯಾಕಿ. ಗಿರಣಿ ಬಂದ ಮ್ಯಾಲ ಯಾರೂ ಹಾಡಲಿಲ್ಲ."

"ನಿನಗ ಬರ್ತಾವೇನವಾ?"

"ಎರಡ ನುಡಿ ನೆನಪದಾವ."

ಮೊಬೈಲ್ ತೆಗೆದು ಅವಳ ಮುಂದೆ ಹಿಡಿದೆ. ಬಸ್ಸು ಬರುವ ತನಕ ಬಿಡಲಿಲ್ಲ.