ಹಾಸನಕ್ಕೊಂದು ಹಾಡಿನ ಜಾಗ ಬೇಕಾ?

ಹಾಸನದಲ್ಲಿ ಕೂತು ಹಾಡು ಕೇಳೋಕೆ ಒಂದು ಪುಟ್ಟ ಜಾಗ ಮಾಡಬೇಕು ಅಂತ ಬಹಳ ದಿನದ ಆಸೆ. ಈಗ ಸಿಕ್ಕವರನ್ನೆಲ್ಲ ಕೇಳುತ್ತಿದ್ದೇನೆ. ‘ಮಾಡಿ, ಬಂದೇ ಬರ್ತೀವಿ’ ಅನ್ನುತ್ತಾರೆ. ಖುಷಿಯಾಗುತ್ತದೆ. ಆದರೆ ಅಷ್ಟನ್ನೇ ನಂಬಿ ಬಾಡಿಗೆಗೆ ಅಡ್ವಾನ್ಸ್ ಕೊಡೋಕೆ ಆಗುವುದಿಲ್ಲ ಅಲ್ವಾ? ಹಾಗಾಗಿ ಇನ್ನೊಂದು ಪ್ರಶ್ನೆ ಸೇರಿಸಿದ್ದೇನೆ: ಕಳೆದ ವರ್ಷ ಟಿಕೆಟ್ ತಗೊಂಡು ಎಷ್ಟು ಕಾರ್ಯಕ್ರಮ ನೋಡಿದಿರಿ? ನಿಜವಾದ ಲೆಕ್ಕ ಸಿಗೋದು ಅಲ್ಲೇ.

ದೊಡ್ಡ ಕಾರ್ಯಕ್ರಮಕ್ಕೆ ಹಾಸನಾಂಬ ಕಲಾಕ್ಷೇತ್ರ ಇದೆ. ಆದರೆ ನಾಲ್ಕು ಹುಡುಗರ ಬ್ಯಾಂಡಿಗೆ, ತತ್ವಪದ ಹಾಡುವ ಒಬ್ಬರಿಗೆ ಅಷ್ಟು ದೊಡ್ಡ ಸಭಾಂಗಣ ಬೇಡ. ಎಂಬತ್ತು ಕುರ್ಚಿ, ಒಳ್ಳೆ ಸೌಂಡ್, ಹಾಡುವವರ ಮುಖ ಕಾಣುವಷ್ಟು ಹತ್ತಿರ. ಸಾಕು.

ನಮ್ಮದೇ ಜಿಲ್ಲೆಯ ರುದ್ರಪಟ್ಟಣ ನೋಡಿ. ಅರಕಲಗೂಡು ತಾಲ್ಲೂಕಿನ, ಕಾವೇರಿ ದಡದ ಹಳ್ಳಿ. 1920ರಲ್ಲಿ ಕರ್ನಾಟಕ ಸಂಗೀತದ ಹಾಡುಗಾರ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲೇ. ಜೋಡಿಯಾಗಿ ಹಾಡುವ ರುದ್ರಪಟ್ಟಣ ಸಹೋದರರೂ ಆ ಊರಿನವರೇ. ತಂಬೂರಿ ಆಕಾರದ ಮಂದಿರ ಕೂಡ ಅಲ್ಲಿದೆ. ಇಂಥ ಜಿಲ್ಲೆಯವರು ಒಂದು ಕಛೇರಿ ಕೇಳೋಕೆ ಬೆಂಗಳೂರು ಬಸ್ಸು ಹತ್ತಬೇಕು ಅಂದರೆ ನನಗೆ ಬೇಜಾರಾಗುತ್ತದೆ.

ಹಳ್ಳಿಯಿಂದ ಬರುವವರಿಗೆ ಕೊನೆ ಬಸ್ಸಿನ ಚಿಂತೆ ಇರುತ್ತದೆ. ರಾತ್ರಿ 10ರ ನಂತರ ಹೊರಗೆ ಮೈಕೂ ಹಾಕುವಂತಿಲ್ಲ. ಸಂಜೆ ಆರಕ್ಕೆ ಶುರು ಮಾಡಿ ಎಂಟಕ್ಕೆ ಮುಗಿಸಿದರೆ ಹೇಗೆ? ಶನಿವಾರವೋ, ಭಾನುವಾರವೋ? ಟಿಕೆಟ್ಟಿಗೆ ನೂರೈವತ್ತು ರೂಪಾಯಿ ಜಾಸ್ತಿ ಆಯ್ತಾ? ಬರೋಕೆ ಆಗಲ್ಲ ಅನ್ನುವವರೂ ಕಾರಣ ಬರೆಯಿರಿ, ಅದೂ ನನಗೆ ಬೇಕು.