ಮೂರು ಕಣ್ಣಿನ ಸೇತುವೆಯ ಲೆಕ್ಕ

ಮೂಡಿಗೆರೆ ತಾಲ್ಲೂಕಿನಲ್ಲಿ ಹೇಮಾವತಿಗೆ ಸೇರುವ ಹಳ್ಳವೊಂದಕ್ಕೆ ಮೂರು ಕಣ್ಣಿನ (ನೀರು ಹರಿಯುವ ಮೂರು ತೆರಪುಗಳ) ಸೇತುವೆಯನ್ನು ವಿನ್ಯಾಸ ಮಾಡುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತ್ತು. ಪಿಯರಿನ, ಅಂದರೆ ಸೇತುವೆಯ ನಡುಗಂಬದ, ಬುಡವನ್ನು ನೀರು ಎಷ್ಟು ಆಳ ಕೊರೆಯಬಹುದೆಂದು ಐಆರ್‌ಸಿ 78 ಎಂಬ ಸೇತುವೆ ತಳಪಾಯದ ನಿಯಮಸಂಹಿತೆಯಲ್ಲಿರುವ (ಕೋಡ್) ಲೇಸಿ ಸೂತ್ರದಿಂದ ಲೆಕ್ಕ ಹಾಕಿದ್ದೆ. ಆ ಸೂತ್ರದ ಮೂಲ ಉತ್ತರ ಭಾರತದ ಮೆಕ್ಕಲುಮಣ್ಣಿನ ಕಾಲುವೆಗಳಲ್ಲಿದೆ ಎಂಬುದು ಬೇರೆ ಮಾತು. ನಮ್ಮ ಹಳ್ಳದ ತಳದಲ್ಲಿ ಮರಳಿದ್ದುದರಿಂದ ಅದನ್ನೇ ಹಿಡಿದೆ. ಮೀಟರ್ ಅಗಲಕ್ಕೆ ಸೆಕೆಂಡಿಗೆ 6 ಘನಮೀಟರ್ ನೀರು, ತಳದ ಮರಳಿನ ಕಣಗಾತ್ರವನ್ನು ಸೂಚಿಸುವ ಸಿಲ್ಟ್ ಫ್ಯಾಕ್ಟರ್ 1.25. ಜಲಾನಯನ ಚಿಕ್ಕದಾದ್ದರಿಂದ ಕೋಡ್ ಹೇಳುವಂತೆ ನೀರನ್ನು ಶೇ 30ರಷ್ಟು ಹೆಚ್ಚಿಸಿಕೊಂಡಾಗ, ಗರಿಷ್ಠ ಪ್ರವಾಹ ಮಟ್ಟದಿಂದ ಕೊರೆತದ ಆಳ 9.8 ಮೀಟರ್ ಬಂತು.

ಅಪಾಯಗಳ ಪಟ್ಟಿಯಲ್ಲಿ ‘ತೇಲಿಬರುವ ವಸ್ತು’ ಎಂಬ ಸಾಲಿನ ಎದುರು ‘ಸಂಭವ ಕಡಿಮೆ’ ಎಂದಿತ್ತು. ಬಯಲುಸೀಮೆಯ ಅರಸೀಕೆರೆ ಕಡೆಯ ಹಳೆಯ ಕೆಲಸವೊಂದರ ಪಟ್ಟಿಯನ್ನೇ ನಾನು ಹೆಸರು ಬದಲಿಸಿ ತಂದಿದ್ದೆ.

ಏಪ್ರಿಲ್‌ನಲ್ಲಿ ಸ್ಥಳಕ್ಕೆ ಹೋದಾಗ ಪಕ್ಕದ ಕಾಫಿ ತೋಟದ ಮೇಸ್ತ್ರಿ ದಡದ ಮತ್ತಿಮರವೊಂದನ್ನು ತೋರಿಸಿದರು. ನನ್ನ ತಲೆಗಿಂತ ಎತ್ತರದ ಕವಲಿನಲ್ಲಿ ಬೇರುಸಹಿತ ಬಿದಿರಿನ ಮೆಳೆಯೊಂದು ಒಣಗಿ ಸಿಕ್ಕಿಕೊಂಡಿತ್ತು. 2019ರ ಆಗಸ್ಟ್ ಮಳೆಯದಂತೆ. “ಇಲ್ಲಿ ಬರೀ ನೀರು ಬರಲ್ಲ ಸಾರ್, ಮರಾನೂ ಬರುತ್ತೆ” ಎಂದರು.

ಅಂದು ರಾತ್ರಿ ಚಿಕ್ಕಮಗಳೂರಿಗೆ ಮರಳಿ, ಒಂದು ಕಣ್ಣು ಪೂರ್ತಿ ಕಟ್ಟಿಕೊಂಡರೆ ಏನಾಗುತ್ತದೆ ಎಂದು ನೋಡಿದೆ. ಅಷ್ಟೂ ನೀರು ಉಳಿದೆರಡು ಕಣ್ಣುಗಳಲ್ಲಿ ನುಗ್ಗಬೇಕಾದ್ದರಿಂದ ಮೀಟರಿಗೆ 6 ಇದ್ದದ್ದು 9 ಆಗುತ್ತದೆ. ಶೇ 30ರ ಹೆಚ್ಚಳವನ್ನು ಸೇರಿಸದೆಯೇ ಕೊರೆತ 10.8 ಮೀಟರ್ ಆಳಕ್ಕೆ ಹೋಗುತ್ತದೆ. ಕೊರೆತದ ಆಳ ನೀರಿನಷ್ಟೇ ವೇಗದಲ್ಲಿ ಏರುವುದಿಲ್ಲವಾದ್ದರಿಂದ, ನಾನು ಭದ್ರವೆಂದುಕೊಂಡಿದ್ದ ಶೇ 30ರ ಹೆಚ್ಚಳ ಮೂಲ ಆಳಕ್ಕೆ ಕೊಟ್ಟದ್ದು ಕೇವಲ ಶೇ 19. ಅದೇ ಮೂಲ ಆಳಕ್ಕೆ ಒಂದು ಬಿದಿರು ಮೆಳೆ ಕೊಡುವುದು ಶೇ 31. ಕೋಡನ್ನು ನಾನು ಎಲ್ಲಿಯೂ ಮೀರಿರಲಿಲ್ಲ, ಆದರೂ ತಳಪಾಯ ಇರಬೇಕಾದುದಕ್ಕಿಂತ ಒಂದು ಮೀಟರ್ ಮೇಲೆ ನಿಂತಿತ್ತು.

ನಡುವಿನ ಎರಡು ಪಿಯರುಗಳ ಬದಲು ಒಂದನ್ನೇ ಇಟ್ಟು, ಅದನ್ನು ಬಂಡೆಗೆ ಇಳಿಸಿ, ಪ್ರವಾಹ ಮಟ್ಟದ ಮೇಲಿನ ತೆರವನ್ನು 900 ಮಿಲಿಮೀಟರಿನಿಂದ 1,500ಕ್ಕೆ ಏರಿಸಿದೆ. ವೆಚ್ಚ ಹೆಚ್ಚಾಯಿತೆಂದು ಅಂದಾಜುಪಟ್ಟಿ ಎರಡು ಬಾರಿ ಹಿಂದಿರುಗಿತು. ಮೂರನೆಯ ಬಾರಿ ಮತ್ತಿಮರದ ಕೆಳಗೆ ಮೇಸ್ತ್ರಿಯವರು ಅಳತೆಪಟ್ಟಿ ಹಿಡಿದು ನಿಂತ ಫೋಟೋವನ್ನು ಮೊದಲ ಪುಟಕ್ಕೆ ಲಗತ್ತಿಸಿ ಕಳುಹಿಸಿದೆ, ಮಂಜೂರಾಯಿತು.