ಪೇರ್ ಲಾಶೇಜ್: ಹಾಡುಗಾರರ ಗೋರಿಗಳ ಇಳಿಜಾರು

ಪ್ಯಾರಿಸ್‌ನ ಪೇರ್ ಲಾಶೇಜ್ ಸ್ಮಶಾನಕ್ಕೆ ಹೊರಟವರು ಅದೇ ಹೆಸರಿನ ಮೆಟ್ರೊ ನಿಲ್ದಾಣ ಬಂತೆಂದು ಇಳಿದುಬಿಡುತ್ತಾರೆ. ಆಮೇಲೆ ಉದ್ದಕ್ಕೂ ಏರು ಹತ್ತಬೇಕು. 3ನೇ ಮಾರ್ಗದಲ್ಲಿ ಇನ್ನೊಂದೇ ನಿಲ್ದಾಣ ಮುಂದೆ ಹೋಗಿ ಗಾಂಬೆಟಾದಲ್ಲಿ ಇಳಿದರೆ ಗುಡ್ಡದ ನೆತ್ತಿಯಿಂದಲೇ ಒಳಗೆ ಕಾಲಿಡಬಹುದು. ಅಲ್ಲಿಂದ ದಾರಿ ಬಹುತೇಕ ಇಳಿಜಾರು. ಪ್ರವೇಶ ಉಚಿತ. ವಾರದ ದಿನಗಳಲ್ಲಿ ಬೆಳಿಗ್ಗೆ 8ಕ್ಕೆ, ಶನಿವಾರ 8.30ಕ್ಕೆ, ಭಾನುವಾರ 9ಕ್ಕೆ ಬಾಗಿಲು ತೆರೆಯುತ್ತದೆ. ಜೋರು ಗಾಳಿ ಬೀಸಿದ ದಿನ ಮರ ಬಿದ್ದೀತೆಂಬ ಭಯಕ್ಕೆ ತೆರೆಯದೆಯೂ ಇರಬಹುದು.

1804ರಲ್ಲಿ ಶುರುವಾದ ಈ 44 ಹೆಕ್ಟೇರ್ ಜಾಗವನ್ನು 97 ವಿಭಾಗಗಳಾಗಿ ಹಂಚಿದ್ದಾರೆ. ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುವುದು ಖಂಡಿತ. ವಿಭಾಗದ ಸಂಖ್ಯೆ ಬರೆದಿಟ್ಟುಕೊಂಡು, ಮೂಲೆಗಳಲ್ಲಿರುವ ಫಲಕ ನೋಡುತ್ತಾ ಹೋಗಬೇಕು. ದಾರಿಗೆ ಹಾಸಿದ ಗುಂಡುಗಲ್ಲು ಮಳೆಯಲ್ಲಿ ಜಾರುತ್ತದೆ. ನುಣುಪು ಅಟ್ಟೆಯ ಚಪ್ಪಲಿ ಬೇಡ.

ಮೊದಲು ಸಿಗುವುದು 87ನೇ ವಿಭಾಗದ ಚಿತಾಭಸ್ಮದ ಗೂಡುಗಳು. ಒಪೆರಾ ಗಾಯಕಿ ಮರಿಯಾ ಕಲಾಸ್ ಹೆಸರಿನ ಫಲಕ ನೆಲಮಾಳಿಗೆಯಲ್ಲಿದೆ, ಗೂಡಿನ ಸಂಖ್ಯೆ 16258. ಮೇಲೆಲ್ಲಾ ಸುತ್ತಿ ಸಿಗಲಿಲ್ಲವೆಂದು ಹೊರಟುಹೋಗುವವರಿದ್ದಾರೆ. ಕಲಾಸ್ 1977ರಲ್ಲಿ ತೀರಿಕೊಂಡರು. ಬೂದಿಯನ್ನು 1979ರಲ್ಲಿ ಏಜಿಯನ್ ಸಮುದ್ರದಲ್ಲಿ ಚೆಲ್ಲಿದ್ದರಿಂದ ಗೂಡು ಖಾಲಿ. ಹೂವು ಮಾತ್ರ ಬರುತ್ತಲೇ ಇದೆ.

ಪಕ್ಕದ 89ನೇ ವಿಭಾಗದಲ್ಲಿ ಐರಿಷ್ ಬರಹಗಾರ ಆಸ್ಕರ್ ವೈಲ್ಡ್ ಇದ್ದಾನೆ. ಆತ ಸಂಗೀತಗಾರನಲ್ಲ, ಆದರೂ ಅಲ್ಲಿ ಐದು ನಿಮಿಷ ನಿಲ್ಲಬೇಕು. ಅಭಿಮಾನ ಕಲ್ಲನ್ನು ಹೇಗೆ ತಿನ್ನುತ್ತದೆಂದು ಇಲ್ಲಿ ಕಾಣುತ್ತದೆ. ಲಿಪ್‌ಸ್ಟಿಕ್ ಹಚ್ಚಿದ ತುಟಿಗಳಿಂದ ವರ್ಷಗಟ್ಟಲೆ ಮುತ್ತಿಟ್ಟಾಗ ಅದರ ಜಿಡ್ಡು ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿಯಿತು. ತೊಳೆದಷ್ಟೂ ಕಲ್ಲಿನ ಮೇಲ್ಮೈ ಸವೆಯಿತು. ಕೊನೆಗೆ 2011ರಲ್ಲಿ ಸುತ್ತ ಗಾಜು ನಿಲ್ಲಿಸಿದರು. ಮೇಣದಬತ್ತಿಯದೂ ಇದೇ ಕಥೆ: ಕರಗಿದ ಮೇಣವನ್ನು ಕಲ್ಲು ಒಳಗೆ ಹೀರಿಕೊಳ್ಳುತ್ತದೆ, ಕೆರೆದು ತೆಗೆಯಹೋದರೆ ಕಲ್ಲಿನ ಪುಡಿಯೂ ಜೊತೆಗೆ ಬರುತ್ತದೆ.

ಫ್ರೆಂಚ್ ಗಾಯಕಿ ಏದಿತ್ ಪಿಯಾಫ್ ಇರುವುದು 97ನೇ ವಿಭಾಗದಲ್ಲಿ, ಆಗ್ನೇಯ ಮೂಲೆಯಲ್ಲಿ. ಕಲ್ಲಿನ ಪಕ್ಕದಲ್ಲಿ ಗಾಸ್ಯೋಂ-ಪಿಯಾಫ್ ಕುಟುಂಬ ಎಂದಿದ್ದರೆ, ಮುಂದುಗಡೆ ಗಂಡನ ಮನೆತನದ ಹೆಸರು ಹಿಡಿದು 'ಮದಾಂ ಲಾಂಬೂಕಾಸ್' ಎಂದು ಬರೆದಿದೆ. ಪಿಯಾಫ್ ಎಂಬ ದಪ್ಪಕ್ಷರ ಹುಡುಕುವವರು ಸೀದಾ ದಾಟಿಹೋಗುತ್ತಾರೆ. ತಂದೆ, ಎಳವೆಯಲ್ಲೇ ತೀರಿಕೊಂಡ ಮಗಳು, ಕೊನೆಯ ಗಂಡ ತೆಯೋ ಸರಾಪೊ (ಹುಟ್ಟುಹೆಸರು ಲಾಂಬೂಕಾಸ್), ಎಲ್ಲರೂ ಅದೇ ಗೋರಿಯಲ್ಲಿದ್ದಾರೆ. 1963ರ ಅಕ್ಟೋಬರ್‌ನಲ್ಲಿ ಆಕೆ ತೀರಿಕೊಂಡಾಗ, ವಿಚ್ಛೇದನ ಪಡೆದವಳೆಂದು ಚರ್ಚು ಅಂತಿಮ ಪೂಜೆಗೆ ಒಪ್ಪಲಿಲ್ಲ. ಜನ ಹತ್ತಾರು ಸಾವಿರ ಸಂಖ್ಯೆಯಲ್ಲಿ ಬಂದರು. ಇಲ್ಲಿ ಹೂವಿಡುವುದಾದರೆ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಡಿ. ಒಳಗೆ ನೀರು ನಿಂತರೆ ಬೇಗ ಕೊಳೆಯುತ್ತದೆ. ಪತ್ರ ಇಡುವವರಿಗೆ ಪೆನ್ನಿಗಿಂತ ಪೆನ್ಸಿಲ್ ವಾಸಿ, ಮಳೆಗೆ ಹರಡುವುದಿಲ್ಲ.

ಅಲ್ಲಿಂದ 11ನೇ ವಿಭಾಗದಲ್ಲಿರುವ ಪೋಲೆಂಡಿನ ಸಂಗೀತ ಸಂಯೋಜಕ ಶೋಪಾನ್ ಗೋರಿಗೆ ದೂರ ಜಾಸ್ತಿ, ಆದರೆ ನೆರಳಿದೆ. ಮುರಿದ ಲೈರ್ (ವೀಣೆಯಂಥ ತಂತಿವಾದ್ಯ) ಹಿಡಿದು ತಲೆ ತಗ್ಗಿಸಿದ ಸಂಗೀತದೇವಿಯನ್ನು ಕೆತ್ತಿದವನು ಕ್ಲೆಸಾಂಜೆ. 1849ರಲ್ಲಿ ತೀರಿಕೊಂಡ ಶೋಪಾನನ ದೇಹ ಇಲ್ಲಿದೆ, ಹೃದಯ ಇಲ್ಲಿಲ್ಲ. ಅಕ್ಕ ಲುದ್ವಿಕಾ ಅದನ್ನು ವಾರ್ಸಾಗೆ ಒಯ್ದಳು, ಅಲ್ಲಿಯ ಹೋಲಿ ಕ್ರಾಸ್ ಚರ್ಚಿನ ಕಂಬದೊಳಗಿದೆ. ಪೋಲೆಂಡಿನ ಕೆಂಪು-ಬಿಳಿ ರಿಬ್ಬನ್ ಕಂಡರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. 4ನೇ ವಿಭಾಗದಲ್ಲಿರುವ ಇಟಲಿಯ ಒಪೆರಾ ಸಂಯೋಜಕ ರೊಸ್ಸಿನಿ ಗೋರಿಯೂ 1887ರಿಂದ ಖಾಲಿ, ಅಸ್ಥಿ ಫ್ಲಾರೆನ್ಸಿಗೆ ಹೋಗಿದೆ. ಸಮಯವಿಲ್ಲದವರು ಬಿಡಬಹುದು.

ಅಮೆರಿಕದ ರಾಕ್ ಗಾಯಕ ಜಿಮ್ ಮಾರಿಸನ್ ಗೋರಿ (6ನೇ ವಿಭಾಗ) ದಾರಿಯಿಂದ ಕಾಣುವುದೇ ಇಲ್ಲ. ದೊಡ್ಡ ಗೋರಿಗಳ ಹಿಂದೆ ಅಡಗಿರುವ ಚಿಕ್ಕ ಕಲ್ಲು ಅದು. ಒಂದು ಕಾಲಕ್ಕೆ ಅಭಿಮಾನಿಗಳು ಅಕ್ಕಪಕ್ಕದವರ ಗೋರಿಗಳ ಮೇಲೆಯೇ ಬಾಣದ ಗುರುತು ಗೀಚಿದ್ದರು. ಆ ಕುಟುಂಬಗಳ ದುಃಖವನ್ನು ಯಾರೂ ಕೇಳಲಿಲ್ಲ. 1981ರಲ್ಲಿ ಇಟ್ಟ ಅಮೃತಶಿಲೆಯ ತಲೆ 1988ರಲ್ಲಿ ಕಳುವಾಗಿ, 2025ರಲ್ಲಿ ಬೇರೆ ಯಾವುದೋ ವಂಚನೆಯ ತನಿಖೆಯಲ್ಲಿ ಪೊಲೀಸರ ಕೈಗೆ ಸಿಕ್ಕಿತು. ಈಗ ಕಬ್ಬಿಣದ ಬೇಲಿ ಇದೆ. ಅಭಿಮಾನಿಗಳು ಚೂಯಿಂಗ್ ಗಮ್ ಅಂಟಿಸಿ ಅಂಟಿಸಿ ಹಾಳುಮಾಡಿದ ಮರಕ್ಕೆ ಬಿದಿರಿನ ಚಾಪೆ ಸುತ್ತಿದ್ದಾರೆ. ಪುಣ್ಯತಿಥಿ ಜುಲೈ 3. ಒಬ್ಬರೇ ನಿಂತು ನೆನೆಯುವ ಆಸೆಯಿದ್ದರೆ ಆ ದಿನ ಬಿಟ್ಟು ಉಳಿದ ಯಾವುದಾದರೂ ದಿನ, ಬಾಗಿಲು ತೆರೆದ ಕೂಡಲೇ ಹೋಗಿ.

ಶಕ್ತಿ ಉಳಿದಿದ್ದರೆ ಮುಖ್ಯದ್ವಾರದಿಂದ ಹೊರಬಿದ್ದು ಫಿಲಿಪ್ ಒಗ್ಯುಸ್ತ್ ನಿಲ್ದಾಣದಲ್ಲಿ 2ನೇ ಮಾರ್ಗ ಹಿಡಿಯಿರಿ. ನಾಸ್ಯೋಂನಲ್ಲಿ 6ನೇ ಮಾರ್ಗಕ್ಕೆ ಬದಲಿಸಿದರೆ ಎದ್ಗಾರ್ ಕಿನೆ ಸಿಗುತ್ತದೆ, ಪಕ್ಕದಲ್ಲೇ ಮೋಂಪಾರ್ನಾಸ್ ಸ್ಮಶಾನ. ಅದು ಸಮತಟ್ಟು. 1991ರಲ್ಲಿ ತೀರಿಕೊಂಡ ಫ್ರೆಂಚ್ ಹಾಡುಗಾರ ಸೆರ್ಜ್ ಗೆನ್ಸ್‌ಬೂರ್ ಮೆಟ್ರೊ ಟಿಕೆಟಿಗೆ ತೂತು ಹಾಕುವವನ ಮೇಲೆ ಹಾಡಿದ್ದರಿಂದ ಅವನ ಗೋರಿಗೆ ಟಿಕೆಟ್ ಇಡುವುದು ರೂಢಿ, ಸಿಗರೇಟು, ಎಲೆಕೋಸು ಸಹ. ಆದರೆ ಪ್ಯಾರಿಸ್‌ನಲ್ಲಿ ಪ್ಲಾಸ್ಟಿಕ್ ಕಾರ್ಡ್ ಬಂದು ರಟ್ಟಿನ ಟಿಕೆಟ್ ಮಾಯವಾಗುತ್ತಿದೆ. ಹಳೆಯದೊಂದು ಬೇಕೆಂದರೆ ಮೊದಲೇ ಎಲ್ಲಾದರೂ ಹುಡುಕಿಟ್ಟುಕೊಳ್ಳಬೇಕು. ಎರಡೂ ಸ್ಮಶಾನ ಬೇಸಿಗೆಯಲ್ಲಿ ಸಂಜೆ 6ಕ್ಕೆ, ಚಳಿಗಾಲದಲ್ಲಿ 5.30ಕ್ಕೆ ಮುಚ್ಚುತ್ತವೆ. ಹಾಗಾಗಿ ನಾಲ್ಕರೊಳಗೆ ಮಾರಿಸನ್‌ನನ್ನು ಬಿಟ್ಟು ಹೊರಡಿ.